ದಕ್ಷಿಣ ಅಮೆರಿಕವನ್ನು ಉರು ಹೊಡೆಯಬೇಡಿ, ಬಿಡಿಸಿ ಕಲಿಯಿರಿ

ದಕ್ಷಿಣ ಅಮೆರಿಕದ ಭೂಗೋಳ ಕಲಿಯಲು ಹೊರಟವರ ಕೈಗೆ ಮೊದಲು ಸಿಗುವುದು ಹೆಸರುಗಳ ಪಟ್ಟಿ. ಆಂಡಿಸ್, ಅಮೆಜಾನ್, ಅಟಕಾಮ, ಪಂಪಾಸ್, ಪಟಗೋನಿಯಾ. ಉರು ಹೊಡೆದರೆ ಪರೀಕ್ಷೆ ಮುಗಿಯುವವರೆಗೆ ನೆನಪಿರುತ್ತದೆ, ಅಷ್ಟೇ. ಜಗತ್ತಿನ ಅತಿ ಒಣ ಮರುಭೂಮಿಗಳಲ್ಲೊಂದು ಮತ್ತು ಅತಿ ದೊಡ್ಡ ಮಳೆಕಾಡು ಒಂದೇ ಪರ್ವತಸಾಲಿನ ಆಚೆ ಈಚೆ ಯಾಕೆ ಇವೆ ಎಂದು ಯಾರಾದರೂ ಕೇಳಿದರೆ ಪಟ್ಟಿ ಬಾಯಿ ಬಿಡುವುದಿಲ್ಲ.

ಈ ಖಂಡದ ಮಟ್ಟಿಗೆ ಒಂದು ಅನುಕೂಲವಿದೆ. ಇದರ ರಚನೆ ಸರಳ. ಪಶ್ಚಿಮದ ಅಂಚಿಗೆ ಒಂದು ಎಳೆಯ ಪರ್ವತಸಾಲು, ಪೂರ್ವಕ್ಕೆ ಎರಡು ಮುದಿ ಬಂಡೆಯ ಪ್ರಸ್ಥಭೂಮಿಗಳು, ನಡುವೆ ತಗ್ಗು ನೆಲ. ಇವನ್ನು ಸರಿಯಾದ ಕ್ರಮದಲ್ಲಿ ಹಾಳೆಯ ಮೇಲೆ ಇಳಿಸಿದರೆ ನದಿ ಯಾವ ಕಡೆಗೆ ಹರಿಯಬೇಕು, ಮಳೆ ಎಲ್ಲಿ ಸುರಿಯಬೇಕು, ಎಲ್ಲಿ ಸುರಿಯಲು ಸಾಧ್ಯವೇ ಇಲ್ಲ ಎಂಬುದನ್ನು ನೀವೇ ಊಹಿಸಬಹುದು. ಮೊದಲು ನೆಲ, ಆಮೇಲೆ ನೀರು, ಕೊನೆಗೆ ಗಾಳಿ. ದೇಶಗಳ ಗಡಿ ಬೇಕಿದ್ದರೆ ಎಲ್ಲ ಮುಗಿದ ಮೇಲೆ ಹಾಕಿಕೊಳ್ಳಿ. ಗಡಿಯಿಂದ ಶುರು ಮಾಡಿದವರು ಭೂಗೋಳವನ್ನು ದೇಶ ದೇಶವಾಗಿ ಕತ್ತರಿಸಿ ನೆನಪಿಡುತ್ತಾರೆ. ಆಂಡಿಸ್ ಏಳು ದೇಶಗಳಲ್ಲಿ ಏಳು ಬೇರೆ ಬೇರೆ ಬೆಟ್ಟವಾಗಿಬಿಡುತ್ತದೆ.

ಬೇಕಾದದ್ದು ಒಂದು ಎ4 ಹಾಳೆ, ಪೆನ್ಸಿಲ್, ರಬ್ಬರ್, ಸ್ಕೇಲು, ನಾಲ್ಕೈದು ಬಣ್ಣದ ಪೆನ್ಸಿಲ್, ಜೊತೆಗೆ ನೋಡಿಕೊಳ್ಳಲು ಒಂದು ಪ್ರಾಕೃತಿಕ ಭೂಪಟ.

ಹೆಜ್ಜೆ 1: ನೋಡುವ ಭೂಪಟವನ್ನು ಮೊದಲು ಅನುಮಾನಿಸಿ

ಗೋಡೆಗೆ ತೂಗುಹಾಕುವ ಬಹಳಷ್ಟು ವಿಶ್ವಭೂಪಟಗಳು ಮರ್ಕೇಟರ್ ಪ್ರಕ್ಷೇಪದವು, ಅಂದರೆ ಗೋಳವನ್ನು ಚಪ್ಪಟೆ ಮಾಡುವಾಗ ಧ್ರುವಗಳ ಕಡೆಯ ನೆಲವನ್ನು ಹಿಗ್ಗಿಸಿ ತೋರಿಸುವಂಥವು. ಅವುಗಳಲ್ಲಿ ಗ್ರೀನ್‌ಲ್ಯಾಂಡ್ ದಕ್ಷಿಣ ಅಮೆರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ದಕ್ಷಿಣ ಅಮೆರಿಕದ ವಿಸ್ತೀರ್ಣ ಸುಮಾರು 1 ಕೋಟಿ 78 ಲಕ್ಷ ಚದರ ಕಿ.ಮೀ., ಅಂದರೆ ಗ್ರೀನ್‌ಲ್ಯಾಂಡಿನ ಎಂಟು ಪಟ್ಟು. ಆದ್ದರಿಂದ ವಿಶ್ವಭೂಪಟ ಬಿಟ್ಟು ಖಂಡದ್ದೇ ಪ್ರತ್ಯೇಕ ಭೂಪಟ ತೆಗೆದುಕೊಳ್ಳಿ.

ಎರಡನೆಯ ಮೋಸ ಬಣ್ಣದ್ದು. ಪ್ರಾಕೃತಿಕ ಭೂಪಟದ ಹಸಿರು ಕಾಡನ್ನು ಸೂಚಿಸುವುದಿಲ್ಲ, ತಗ್ಗು ನೆಲವನ್ನು ಸೂಚಿಸುತ್ತದೆ. ಅಮೆಜಾನ್ ಕಾಡೂ ಹಸಿರು, ಒಂದು ಹುಲ್ಲುಕಡ್ಡಿಯೂ ಬೆಳೆಯದ ಪೆರುವಿನ ಕರಾವಳಿಯ ಮರಳುಗಾಡೂ ಹಸಿರು. ಇದೊಂದು ಗೊಂದಲ ಕಳೆದುಕೊಂಡರೆ ಮುಂದಿನ ಕೆಲಸ ಅರ್ಧ ಹಗುರ.

ಹೆಜ್ಜೆ 2: ಅಕ್ಷಾಂಶದ ಗೆರೆಗಳಿಂದ ಹೊರ ಆಕಾರಕ್ಕೆ

ಹಾಳೆಯನ್ನು ಉದ್ದುದ್ದಕ್ಕೆ ಇಟ್ಟುಕೊಳ್ಳಿ. 1 ಸೆಂ.ಮೀ. ಅಂದರೆ 300 ಕಿ.ಮೀ. ಎಂದು ಅಳತೆ ಹಿಡಿಯಿರಿ. ಈ ಲೆಕ್ಕದಲ್ಲಿ 10 ಡಿಗ್ರಿ ಅಕ್ಷಾಂಶ 3.7 ಸೆಂ.ಮೀ. ಆಗುತ್ತದೆ, ಇಡೀ ಖಂಡ ಒಂದು ಹಾಳೆಯಲ್ಲಿ ಕೂರುತ್ತದೆ.

ಮೇಲಿನ ಅಂಚಿನಿಂದ 7 ಸೆಂ.ಮೀ. ಕೆಳಗೆ ಅಡ್ಡಗೆರೆ ಎಳೆಯಿರಿ. ಇದು ಸಮಭಾಜಕ ವೃತ್ತ. ಅದರಿಂದ 8.7 ಸೆಂ.ಮೀ. ಕೆಳಗೆ ಮಕರ ಸಂಕ್ರಾಂತಿ ವೃತ್ತ. ಸಮಭಾಜಕದಿಂದ 14.8 ಸೆಂ.ಮೀ. ಕೆಳಗೆ 40 ಡಿಗ್ರಿ ದಕ್ಷಿಣ ಅಕ್ಷಾಂಶ. ಮೂರೇ ಗೆರೆ ಸಾಕು. ಮೂರನೆಯದು ಪಠ್ಯಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆದರೆ ಗಾಳಿಯ ಹೆಜ್ಜೆಗೆ ಬಂದಾಗ ಅದರ ಬೆಲೆ ತಿಳಿಯುತ್ತದೆ.

ಈಗ ಚುಕ್ಕೆಗಳು. ಸಮಭಾಜಕಕ್ಕಿಂತ 1.7 ಸೆಂ.ಮೀ. ಕೆಳಗೆ, ಎಡ ಅಂಚಿನಿಂದ 2 ಸೆಂ.ಮೀ. ಒಳಗೆ ಒಂದು ಚುಕ್ಕೆ: ಪೆರುವಿನ ಪುಂಟಾ ಪರಿಞಾಸ್, ಖಂಡದ ಪಶ್ಚಿಮ ತುದಿ. ಸಮಭಾಜಕಕ್ಕಿಂತ 2.7 ಸೆಂ.ಮೀ. ಕೆಳಗೆ, ಮೊದಲ ಚುಕ್ಕೆಯಿಂದ 17 ಸೆಂ.ಮೀ. ಬಲಕ್ಕೆ ಇನ್ನೊಂದು: ಬ್ರೆಜಿಲ್‌ನ ಪೊಂಟಾ ಡೊ ಸೇಷಾಸ್, ಪೂರ್ವ ತುದಿ. ಸಮಭಾಜಕದಿಂದ 4.6 ಸೆಂ.ಮೀ. ಮೇಲೆ, ಎಡ ಅಂಚಿನಿಂದ 5.5 ಸೆಂ.ಮೀ. ಒಳಗೆ ಕೊಲಂಬಿಯಾದ ಪುಂಟಾ ಗಯಿನಾಸ್, ಉತ್ತರ ತುದಿ. ಸಮಭಾಜಕದಿಂದ 20.7 ಸೆಂ.ಮೀ. ಕೆಳಗೆ ಹಾರ್ನ್ ಭೂಶಿರ. ಅದು ನಿಜವಾಗಿ ಒಂದು ದ್ವೀಪದ ಮೇಲಿದೆ, ನಮ್ಮ ಕೆಲಸಕ್ಕೆ ಅದೇ ದಕ್ಷಿಣ ತುದಿ.

ಇನ್ನೊಂದು ಚುಕ್ಕೆ ಬಹಳ ಮುಖ್ಯ: ಚಿಲಿಯ ಅರಿಕಾ. ಸಮಭಾಜಕದಿಂದ 6.8 ಸೆಂ.ಮೀ. ಕೆಳಗೆ, ಎಡ ಅಂಚಿನಿಂದ 6 ಸೆಂ.ಮೀ. ಒಳಗೆ. ಪಶ್ಚಿಮ ಕರಾವಳಿ ಪೆರುವಿನುದ್ದಕ್ಕೂ ಆಗ್ನೇಯಕ್ಕೆ ಓರೆಯಾಗಿ ಇಳಿದು ಅರಿಕಾದಲ್ಲಿ ಮೊಣಕೈಯಂತೆ ಮಡಚಿ, ಅಲ್ಲಿಂದ ನೇರ ದಕ್ಷಿಣಕ್ಕೆ ತಿರುಗುತ್ತದೆ. ಈ ಮಡಿಕೆ ತಪ್ಪಿದರೆ ಇಡೀ ಖಂಡದ ಮುಖವೇ ಬದಲಾಗುತ್ತದೆ.

ಅಗಲ ಸರಿಯಿದೆಯೇ ಎಂದು ಮೂರು ಕಡೆ ಅಳೆದು ನೋಡಿ. ಸಮಭಾಜಕದ ಮೇಲೆ ಸುಮಾರು 11 ಸೆಂ.ಮೀ., ಮಕರ ಸಂಕ್ರಾಂತಿ ವೃತ್ತದ ಮೇಲೆ ಎಂಟೂವರೆ, 40 ಡಿಗ್ರಿಯಲ್ಲಿ ಬರೀ 3.3. ಕೆಳಕ್ಕೆ ಹೋದಂತೆ ಖಂಡ ಎಷ್ಟು ಬೇಗ ಸೊರಗುತ್ತದೆ ನೋಡಿ. ಈ ಸೊರಗುವಿಕೆಯಿಂದಾಗಿಯೇ ದಕ್ಷಿಣದ ತುದಿಯಲ್ಲಿ ಸಮುದ್ರದ ಪ್ರಭಾವ ಹೆಚ್ಚು, ಏಷ್ಯಾದ ಒಳನಾಡಿನಂಥ ಕಡುಚಳಿ ಇಲ್ಲ.

ಚುಕ್ಕೆಗಳನ್ನು ಸೇರಿಸುವಾಗ ಪೂರ್ವ ಕರಾವಳಿಯಲ್ಲಿ ಎರಡು ಕಚ್ಚು ಬಿಡಿ: ಸಮಭಾಜಕದ ಮೇಲೆ ಅಮೆಜಾನಿನ ಬಾಯಿ, 35 ಡಿಗ್ರಿ ದಕ್ಷಿಣದಲ್ಲಿ ಲಾ ಪ್ಲಾಟಾ ಅಳಿವೆ. ಪಶ್ಚಿಮದಲ್ಲಿ ಸುಮಾರು 42 ಡಿಗ್ರಿಯವರೆಗೆ ಗೆರೆ ನೀಟಾಗಿರಲಿ, ಅಲ್ಲಿಂದ ಕೆಳಗೆ ಕೈ ನಡುಗಿದಂತೆ ಗೀಚಿ. ಹಿಮನದಿಗಳು ಕೊರೆದ ಕಣಿವೆಗಳಿಗೆ ಸಮುದ್ರ ನುಗ್ಗಿ ಆದ ಫ್ಯೋರ್ಡುಗಳು, ನೂರಾರು ದ್ವೀಪಗಳು ಅಲ್ಲಿವೆ. ಒಂದೊಂದನ್ನೂ ಬಿಡಿಸುವ ಹಟ ಬೇಡ.

ಹೆಜ್ಜೆ 3: ಆಂಡಿಸ್, ಮತ್ತು ಅದರ ಕೆಳಗಿನ ಕಥೆ

ಆಂಡಿಸ್‌ಗೆ ಕೈ ಹಾಕುವ ಮೊದಲು ಸಮುದ್ರದಲ್ಲಿ ಒಂದು ಗೆರೆ ಎಳೆಯಬೇಕು. ಪೆರು ಮತ್ತು ಚಿಲಿಯ ಕರಾವಳಿಗೆ ಸಮಾನಾಂತರವಾಗಿ, ಅರ್ಧ ಸೆಂ.ಮೀ. ಎಡಕ್ಕೆ, ಕಡುನೀಲಿಯಲ್ಲಿ. ಇದು ಪೆರು-ಚಿಲಿ ಸಾಗರ ತಗ್ಗು, ಅತಿ ಆಳದಲ್ಲಿ 8,000 ಮೀಟರ್ ಮೀರುತ್ತದೆ. ಇಲ್ಲಿ ನಾಸ್ಕಾ ಭೂಫಲಕ (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು) ದಕ್ಷಿಣ ಅಮೆರಿಕದ ಭೂಫಲಕದ ಅಡಿಗೆ ವರ್ಷಕ್ಕೆ 6-7 ಸೆಂ.ಮೀ.ನಂತೆ ನುಗ್ಗುತ್ತಿದೆ. ಆಂಡಿಸ್ ಎದ್ದಿದ್ದು, ಏಳುತ್ತಿರುವುದು ಇದರಿಂದ. 1960ರ ಮೇ 22ರಂದು ಚಿಲಿಯ ವಾಲ್ಡಿವಿಯಾ ಬಳಿ ಆದ ಭೂಕಂಪದ ತೀವ್ರತೆ 9.5, ಉಪಕರಣಗಳು ದಾಖಲಿಸಿದ ಭೂಕಂಪಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಈಗ ಕಂದು ಬಣ್ಣ. ಸುಮಾರು 7,000 ಕಿ.ಮೀ. ಉದ್ದದ ಈ ಸಾಲನ್ನು ಒಂದೇ ದಪ್ಪದ ಪಟ್ಟಿಯಾಗಿ ಬಳಿಯುವುದು ಎಲ್ಲರೂ ಮಾಡುವ ತಪ್ಪು. ಮೇಲಿನಿಂದ ಬನ್ನಿ. ಕೊಲಂಬಿಯಾದಲ್ಲಿ ಆಂಡಿಸ್ ಮೂರು ಕವಲು. ಪಶ್ಚಿಮದ ಕವಲಿಗೂ ನಡುವಿನದಕ್ಕೂ ಮಧ್ಯೆ ಕೌಕಾ ನದಿ, ನಡುವಿನದಕ್ಕೂ ಪೂರ್ವದ್ದಕ್ಕೂ ಮಧ್ಯೆ ಮಗ್ದಲೇನಾ. ಪೂರ್ವದ ಕವಲಿನ ಮುಂದುವರಿಕೆ ವೆನೆಜುವೆಲಾಕ್ಕೆ ಹೋಗುತ್ತದೆ. ಈಕ್ವೆಡಾರ್‌ನಲ್ಲಿ ಸಾಲು ತೀರ ಕಿರಿದು, ಅರ್ಧ ಸೆಂ.ಮೀ. ಸಾಕು. ಪೆರುವಿನಲ್ಲಿ ಅಗಲವಾಗುತ್ತ ಬಂದು, ಅರಿಕಾದ ಮಡಿಕೆಯ ಎದುರಿಗೆ 2 ಸೆಂ.ಮೀ.ಗಿಂತ ದಪ್ಪವಾಗಿ ಬಳಿಯಿರಿ. ಅಲ್ಲಿ ಸಾಲು ಎರಡಾಗಿ ಒಡೆದು ನಡುವೆ ಆಲ್ಟಿಪ್ಲಾನೊ ಎಂಬ ಎತ್ತರದ ಬಯಲು ಕೂತಿದೆ. ದಕ್ಷಿಣಕ್ಕೆ ಮತ್ತೆ ಒಂದೇ ಸಾಲು. 33 ಡಿಗ್ರಿಯ ಹತ್ತಿರ ಅರ್ಜೆಂಟೀನಾದಲ್ಲಿ ಅಕೊಂಕಾಗುವಾ, 6,961 ಮೀಟರ್, ಏಷ್ಯಾದ ಹೊರಗಿನ ಅತಿ ಎತ್ತರದ ಶಿಖರ. ಅಲ್ಲಿಂದ ಕೆಳಗೆ ಎತ್ತರ ಇಳಿಯುತ್ತ ಹೋಗುತ್ತದೆ, ಹಿಮ ಮಾತ್ರ ಹೆಚ್ಚುತ್ತ ಹೋಗುತ್ತದೆ.

ಜ್ವಾಲಾಮುಖಿಗಳಿಗೆ ಕೆಂಪು ತ್ರಿಕೋನ ಹಾಕುವಾಗ ಉದ್ದಕ್ಕೂ ಚೆಲ್ಲಬೇಡಿ. ಅವು ಗುಂಪು ಗುಂಪಾಗಿವೆ. ಮೊದಲ ಗುಂಪು ಕೊಲಂಬಿಯಾ-ಈಕ್ವೆಡಾರ್: ಕೊಟೊಪಾಕ್ಸಿ, ಚಿಂಬೊರಾಸೊ, ಮತ್ತು 1985ರ ನವೆಂಬರ್ 13ರಂದು ಹಿಮ ಕರಗಿದ ಕೆಸರಿನ ಹೊಳೆ ಹರಿಸಿ ಅರ್ಮೇರೊ ಪಟ್ಟಣವನ್ನು ಹೂತುಹಾಕಿದ ನೆವಾಡೊ ಡೆಲ್ ರೂಯಿಸ್. ಎರಡನೆಯದು ದಕ್ಷಿಣ ಪೆರುವಿನಿಂದ ಬೊಲಿವಿಯಾ-ಚಿಲಿ ಗಡಿಗುಂಟ; ಜಗತ್ತಿನ ಅತಿ ಎತ್ತರದ ಜ್ವಾಲಾಮುಖಿ ಓಹೋಸ್ ಡೆಲ್ ಸಲಾಡೊ, 6,893 ಮೀಟರ್, ಈ ಗುಂಪಿನ ದಕ್ಷಿಣದ ತುದಿಗಿದೆ. ಮೂರನೆಯದು 33 ಡಿಗ್ರಿಯಿಂದ ಕೆಳಗೆ ಚಿಲಿಯುದ್ದಕ್ಕೂ. ತೀರ ದಕ್ಷಿಣದಲ್ಲಿ ಚಿಕ್ಕ ನಾಲ್ಕನೆಯ ಗುಂಪೊಂದಿದೆ. ಮಧ್ಯ-ಉತ್ತರ ಪೆರುವಿನಲ್ಲೂ, 27ರಿಂದ 33 ಡಿಗ್ರಿ ನಡುವೆಯೂ ಖಾಲಿ ಬಿಡಿ. ಅಲ್ಲಿ ಕೆಳಗೆ ನುಗ್ಗುವ ನಾಸ್ಕಾ ಫಲಕ ಕಡಿದಾಗಿ ಇಳಿಯದೆ ಬಹುತೇಕ ಅಡ್ಡಡ್ಡಲಾಗಿ ಜಾರುತ್ತದೆ. ಕಲ್ಲು ಕರಗಲು ಬೇಕಾದ ಬಿಸಿ ಪದರ ಅದರ ಮೇಲೆ ಉಳಿದಿಲ್ಲ. ಖಂಡದ ಅತಿ ಎತ್ತರದ ಶಿಖರ ಅಕೊಂಕಾಗುವಾ ಜ್ವಾಲಾಮುಖಿಯಾಗಿ ಉಳಿಯದಿರುವುದು ಇದೇ ಕಾರಣಕ್ಕೆ. ನಕ್ಷೆಯಲ್ಲಿ ತುಂಬಿದ ಜಾಗದಷ್ಟೇ ಖಾಲಿ ಬಿಟ್ಟ ಜಾಗವೂ ಮಾತಾಡುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಲ್ಟಿಪ್ಲಾನೊದಲ್ಲಿ ಎರಡು ಗುರುತು ಹಾಕಿ. ಮೇಲ್ಗಡೆ ನೀಲಿ: ಟಿಟಿಕಾಕಾ ಸರೋವರ, ಸಮುದ್ರಮಟ್ಟದಿಂದ 3,812 ಮೀಟರ್. ಕೆಳಗಡೆ ಖಾಲಿ ಬಿಳಿ: ಉಯೂನಿ ಉಪ್ಪುಬಯಲು, 10,000 ಚದರ ಕಿ.ಮೀ.ಗಿಂತ ದೊಡ್ಡದು. ಆಲ್ಟಿಪ್ಲಾನೊದ ನೀರಿಗೆ ಸಮುದ್ರದ ದಾರಿಯೇ ಇಲ್ಲ. ಟಿಟಿಕಾಕಾಕ್ಕೆ ಬಂದ ನೀರಿನ ಬಹುಪಾಲು ಆವಿಯಾಗುತ್ತದೆ. ಸ್ವಲ್ಪ ನೀರು ದೆಸಗ್ವಾದೆರೊ ನದಿಯಾಗಿ ದಕ್ಷಿಣದ ಪೊಪೊ ಸರೋವರಕ್ಕೆ ಹೋಗುತ್ತದೆ. 2015ರ ಕೊನೆಗೆ ಆ ಪೊಪೊ ಪೂರ್ತಿ ಬತ್ತಿತ್ತು. ಹೊರದಾರಿ ಇಲ್ಲದ ಕಡೆ ಆವಿಯಾದ ನೀರು ಉಪ್ಪನ್ನು ಬಿಟ್ಟು ಹೋಗುತ್ತದೆ, ಉಯೂನಿ ಹುಟ್ಟಿದ ಬಗೆಯೂ ಅದೇ.

ಹೆಜ್ಜೆ 4: ಪೂರ್ವದ ಮುದಿ ನೆಲ

ಆಂಡಿಸ್‌ನ ಆರ್ಭಟದಲ್ಲಿ ಪೂರ್ವದ ಪ್ರಸ್ಥಭೂಮಿಗಳನ್ನು ಎಲ್ಲರೂ ಮರೆಯುತ್ತಾರೆ. ವಯಸ್ಸಿನಲ್ಲಿ ಇವು ಆಂಡಿಸ್‌ಗಿಂತ ಎಷ್ಟೋ ಪಾಲು ಹಿರಿಯವು. ಹಳದಿ ಬಣ್ಣದಲ್ಲಿ ಎರಡು ತುಂಡು ಬಳಿಯಿರಿ: ಅಮೆಜಾನಿನ ಉತ್ತರಕ್ಕೆ ಚಿಕ್ಕದು, ಗಯಾನಾ ಪ್ರಸ್ಥಭೂಮಿ, ದಕ್ಷಿಣಕ್ಕೆ ಬಹಳ ದೊಡ್ಡದು, ಬ್ರೆಜಿಲ್ ಪ್ರಸ್ಥಭೂಮಿ.

ಗಯಾನಾದ ಗುರುತು ಅಲ್ಲಿನ ಟೆಪುಯಿಗಳು. ನೂರೆಪ್ಪತ್ತು ಕೋಟಿ ವರ್ಷಗಳಷ್ಟು ಹಳೆಯ ಮರಳುಗಲ್ಲು ಸವೆದು ಉಳಿದ, ತಲೆ ಚಪ್ಪಟೆಯಾದ, ಗೋಡೆಯಂತೆ ಕಡಿದಾದ ಬೆಟ್ಟಗಳು. ವೆನೆಜುವೆಲಾ, ಬ್ರೆಜಿಲ್, ಗಯಾನಾ ಮೂರೂ ಕೂಡುವ ರೊರೈಮಾ ಅಂಥದ್ದೊಂದು. ಔಯಾನ್ ಟೆಪುಯಿಯಿಂದ ಧುಮುಕುವ ಏಂಜಲ್ ಜಲಪಾತದ ಒಟ್ಟು ಎತ್ತರ 979 ಮೀಟರ್.

ಬ್ರೆಜಿಲ್ ಪ್ರಸ್ಥಭೂಮಿಯಲ್ಲಿ ಗಮನಿಸಬೇಕಾದದ್ದು ಅದರ ವಾಲು. ಅಟ್ಲಾಂಟಿಕ್ ಕಡೆ ಸೆರಾ ಡೊ ಮಾರ್ ಬೆಟ್ಟಸಾಲು ಕಡಿದಾಗಿ ಎದ್ದು ನಿಂತಿದೆ, ಅಲ್ಲಿಂದ ನೆಲ ಒಳಕ್ಕೆ, ಪಶ್ಚಿಮಕ್ಕೆ ಇಳಿಯುತ್ತದೆ. ಕರಾವಳಿಯ ಪಕ್ಕದಲ್ಲಿ ಒಂದು ದಪ್ಪ ಗೆರೆ ಹಾಕಿ, ಅದರಿಂದ ಒಳಮುಖವಾಗಿ ಚಿಕ್ಕ ಬಾಣ ಬರೆದಿಡಿ. ಮುಂದಿನ ಹೆಜ್ಜೆಯಲ್ಲಿ ಈ ಬಾಣ ಬೇಕಾಗುತ್ತದೆ. ಇದೇ ಪ್ರಸ್ಥಭೂಮಿಯ ದಕ್ಷಿಣ ಭಾಗಕ್ಕೆ ಸುಮಾರು 13 ಕೋಟಿ ವರ್ಷಗಳ ಹಿಂದೆ ಲಾವಾ ಹರಡಿತು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಆಗ ಬೇರ್ಪಡುತ್ತಿದ್ದವು. ಆ ಲಾವಾದ ಇನ್ನೊಂದು ತುಣುಕು ಇಂದು ನಮೀಬಿಯಾದಲ್ಲಿದೆ. ಇಗ್ವಾಸು ಜಲಪಾತ ಧುಮುಕುವುದು ಈ ಬಸಾಲ್ಟ್ ಪದರಗಳ ಮೆಟ್ಟಿಲಿನಿಂದ.

ಹೆಜ್ಜೆ 5: ನದಿಗಳನ್ನು ಊಹಿಸಿ, ಆಮೇಲೆ ಎಳೆಯಿರಿ

ಈಗ ಭೂಪಟ ಮುಚ್ಚಿಡಿ. ನಿಮ್ಮ ಹಾಳೆಯಲ್ಲಿ ಎಡಕ್ಕೆ ಎತ್ತರದ ಗೋಡೆ, ಬಲಕ್ಕೆ ಎರಡು ಪ್ರಸ್ಥಭೂಮಿ. ನೀರು ಎಲ್ಲಿಂದ ಹೊರಹೋಗಬಹುದು? ಮೂರು ದಾರಿ ಕಾಣಬೇಕು. ಗಯಾನಾ ಪ್ರಸ್ಥಭೂಮಿಯನ್ನು ಬಳಸಿಕೊಂಡು ಉತ್ತರದಿಂದ ಒಂದು, ಎರಡು ಪ್ರಸ್ಥಭೂಮಿಗಳ ನಡುವಿನ ಸಂದಿಯಿಂದ ಒಂದು, ಬ್ರೆಜಿಲ್ ಪ್ರಸ್ಥಭೂಮಿಗೂ ಆಂಡಿಸ್‌ಗೂ ನಡುವೆ ದಕ್ಷಿಣಕ್ಕೆ ಒಂದು. ಒರಿನೊಕೊ, ಅಮೆಜಾನ್, ಪರಾನಾ-ಪರಾಗ್ವೆ. ಪೆಸಿಫಿಕ್ ಕಡೆಗೆ ದೊಡ್ಡ ನದಿ ಹುಟ್ಟಲು ಜಾಗವೇ ಇಲ್ಲ. ಅಮೆಜಾನಿನ ಉಗಮಗಳಲ್ಲೊಂದೆಂದು ಗುರುತಿಸುವ ಪೆರುವಿನ ಮಿಸ್ಮಿ ಪರ್ವತ ಪೆಸಿಫಿಕ್‌ಗೆ 200 ಕಿ.ಮೀ.ಗಿಂತ ಹತ್ತಿರದಲ್ಲಿದೆ, ಆದರೂ ಅಲ್ಲಿಯ ನೀರು ಸುಮಾರು 6,400 ಕಿ.ಮೀ. ಸುತ್ತಿ ಅಟ್ಲಾಂಟಿಕ್ ಸೇರುತ್ತದೆ.

ಅಮೆಜಾನನ್ನು ಎಳೆಯುವಾಗ ಸಮಭಾಜಕಕ್ಕಿಂತ ಸ್ವಲ್ಪ ಕೆಳಗೆ, ಅದಕ್ಕೆ ಬಹುತೇಕ ಸಮಾನಾಂತರವಾಗಿ ಎಳೆಯಿರಿ. ಎರಡೂ ಕಡೆಯಿಂದ ಉಪನದಿಗಳು: ಉತ್ತರದಿಂದ ರಿಯೊ ನೀಗ್ರೊ, ದಕ್ಷಿಣದಿಂದ ಮದೇರಾ, ತಪಜೋಸ್, ಷಿಂಗು. ಉತ್ತರದ ಮತ್ತು ದಕ್ಷಿಣದ ಉಪನದಿಗಳಿಗೆ ಮಳೆಗಾಲ ಬೇರೆ ಬೇರೆ ತಿಂಗಳು, ಹಾಗಾಗಿ ಮುಖ್ಯ ನದಿಗೆ ವರ್ಷವಿಡೀ ಒಂದಲ್ಲ ಒಂದು ಕಡೆಯಿಂದ ನೀರು ಬರುತ್ತಲೇ ಇರುತ್ತದೆ. ಸೆಕೆಂಡಿಗೆ ಸರಾಸರಿ ಸುಮಾರು 2 ಲಕ್ಷ ಘನ ಮೀಟರ್ ನೀರು ಸಮುದ್ರ ಸೇರುತ್ತದೆ. ಜಗತ್ತಿನ ಎಲ್ಲ ನದಿಗಳೂ ಸಮುದ್ರಕ್ಕೆ ಕೊಡುವ ನೀರಿನಲ್ಲಿ ಹೆಚ್ಚು ಕಡಿಮೆ ಐದನೆಯ ಒಂದು ಭಾಗ.

ಇಳಿಜಾರಿನ ಲೆಕ್ಕ ಒಮ್ಮೆ ಹಾಕಿ ನೋಡಿ. ಪೆರುವಿನ ಇಕೀಟೊಸ್ ಅಟ್ಲಾಂಟಿಕ್‌ನಿಂದ ನದಿಯ ದಾರಿಯಲ್ಲಿ ಸುಮಾರು 3,600 ಕಿ.ಮೀ. ದೂರ, ಎತ್ತರ ಸುಮಾರು 100 ಮೀಟರ್. ಅಂದರೆ ಕಿಲೋಮೀಟರಿಗೆ 3 ಸೆಂ.ಮೀ.ಗಿಂತ ಕಡಿಮೆ ಇಳಿತ. ಸಮುದ್ರದಿಂದ ಸುಮಾರು 800 ಕಿ.ಮೀ. ಒಳಗಿನ ಓಬಿಡೋಸ್‌ವರೆಗೂ ಉಬ್ಬರವಿಳಿತದ ಒತ್ತಡ ತಿಳಿಯುವುದು, ರಿಯೊ ನೀಗ್ರೊ ಬಂದು ಸೇರುವಲ್ಲಿನ ಮನಾಸ್‌ ನಗರದಲ್ಲಿ ನೀರಿನ ಮಟ್ಟ ವರ್ಷದೊಳಗೆ ಹತ್ತು ಮೀಟರಿನಷ್ಟು ಏರಿ ಇಳಿಯುವುದು ಈ ಸಮತಟ್ಟಿನಿಂದ. ಆದರೆ ಇಡೀ ಜಲಾನಯನ ಪ್ರದೇಶ ಜೌಗು ಎಂದು ತಿಳಿಯಬೇಡಿ. ನದಿಗಳ ಆಚೀಚೆಯ ಪಟ್ಟಿ ಮಾತ್ರ ಮುಳುಗುವ ನೆಲ. ಕಾಡಿನ ಬಹುಭಾಗ ನಿಂತಿರುವುದು ಅದಕ್ಕಿಂತ ಮೇಲಿನ ಒಣ ನೆಲದ ಮೇಲೆ.

ಅಮೆಜಾನಿಗೂ ಒರಿನೊಕೊಗೂ ನಡುವೆ ಒಂದು ಸಣ್ಣ ಎಳೆ ಸೇರಿಸಿ: ಕಾಸಿಕ್ಯಾರೆ. ಒರಿನೊಕೊದಿಂದ ಕವಲೊಡೆದು ರಿಯೊ ನೀಗ್ರೊ ಸೇರುವ ಈ ಹರಿವು ಯಾರೂ ತೋಡಿದ್ದಲ್ಲ. ಜಲವಿಭಾಜಕ ಎಂದರೆ ಎರಡು ನದಿಗಳನ್ನು ಕಟ್ಟುನಿಟ್ಟಾಗಿ ಬೇರ್ಪಡಿಸುವ ದಿಬ್ಬ ಎಂಬ ಪಾಠವನ್ನು ಇದೊಂದೇ ನದಿ ಕೆಡಿಸುತ್ತದೆ. ಜರ್ಮನ್ ಅನ್ವೇಷಕ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1800ರಲ್ಲಿ ಇದರಲ್ಲೇ ದೋಣಿಯಲ್ಲಿ ಸಾಗಿ ಸಂಪರ್ಕವನ್ನು ಖಚಿತಪಡಿಸಿದ.

ಇನ್ನು ಆ ಒಳಮುಖದ ಬಾಣ. ಸಾವೊ ಪಾಲೊ ರಾಜ್ಯದ ಟಿಯೆಟೆ ನದಿ ಹುಟ್ಟುವುದು ಅಟ್ಲಾಂಟಿಕ್‌ನಿಂದ ಇಪ್ಪತ್ತು ಚಿಲ್ಲರೆ ಕಿ.ಮೀ. ದೂರದಲ್ಲಿ. ಸಮುದ್ರ ಅಷ್ಟು ಹತ್ತಿರವಿದ್ದರೂ ಅದು ಬೆನ್ನು ತಿರುಗಿಸಿ ಒಳನಾಡಿಗೆ ಹರಿದು, ಪರಾನಾ ಸೇರಿ, ಕೊನೆಗೆ ಬ್ಯೂನಸ್ ಐರಿಸ್ ಬಳಿ ಲಾ ಪ್ಲಾಟಾ ಮೂಲಕ ಅದೇ ಅಟ್ಲಾಂಟಿಕ್ ಮುಟ್ಟುತ್ತದೆ. ಪರಾನಾ ಪ್ರಸ್ಥಭೂಮಿಯಿಂದ ಇಳಿಯುವ ರಭಸದ ನದಿ, 14,000 ಮೆಗಾವಾಟ್‌ನ ಇಟೈಪು ಅಣೆಕಟ್ಟು ಅದರ ಮೇಲಿದೆ. ಪರಾಗ್ವೆ ನದಿ ಪೂರ್ತಿ ಉಲ್ಟಾ ಸ್ವಭಾವದ್ದು. ಪಂಟಾನಾಲ್ ಜೌಗಿನಲ್ಲಿ ಅದಕ್ಕೆ ಇಳಿಜಾರೇ ಇಲ್ಲದಂತಾಗಿ, ಮಳೆ ಮಾರ್ಚ್‌ಗೆ ಮುಗಿದರೂ ಪ್ರವಾಹದ ತುದಿ ದಕ್ಷಿಣದ ಅಂಚು ತಲುಪುವಾಗ ಜೂನ್ ಆಗಿರುತ್ತದೆ.

ಉಳಿದ ಬಯಲುಗಳಿಗೆ ಹೆಚ್ಚು ಹೊತ್ತು ಬೇಡ. ಒರಿನೊಕೊ ಪಕ್ಕದ ಹುಲ್ಲುಬಯಲು ಯಾನೋಸ್. ಪರಾಗ್ವೆ ನದಿಯ ಪಶ್ಚಿಮಕ್ಕೆ ಮುಳ್ಳುಪೊದೆಯ ಗ್ರಾನ್ ಚಾಕೊ. ಲಾ ಪ್ಲಾಟಾದ ದಕ್ಷಿಣ, ಪಶ್ಚಿಮಕ್ಕೆ ಗಾಳಿ ತಂದು ಹಾಸಿದ ನುಣ್ಣನೆಯ ಮಣ್ಣಿನ ಪಂಪಾಸ್. ಹೆಸರು ಬರೆದು ಮುಂದೆ ಹೋಗಿ.

ಹೆಜ್ಜೆ 6: ಗಾಳಿ, ಪ್ರವಾಹ, ಮತ್ತು ಓರೆಯಾದ ಒಣಪಟ್ಟಿ

ಇದೇ ಎಲ್ಲಕ್ಕಿಂತ ರಸವತ್ತಾದ ಹೆಜ್ಜೆ, ಅವಸರ ಮಾಡಬೇಡಿ.

ಅಟ್ಲಾಂಟಿಕ್ ಕಡೆಯಿಂದ, ಸಮಭಾಜಕದ ಮೇಲೂ ಕೆಳಗೂ, ಖಂಡದೊಳಕ್ಕೆ ಬಾಣಗಳನ್ನು ಹಾಕಿ: ಈಶಾನ್ಯ ಮತ್ತು ಆಗ್ನೇಯ ವಾಣಿಜ್ಯ ಮಾರುತಗಳು. 40 ಡಿಗ್ರಿ ಗೆರೆಯಿಂದ ಕೆಳಗೆ ಬಾಣದ ದಿಕ್ಕು ತಿರುಗಿಸಿ, ಪೆಸಿಫಿಕ್‌ನಿಂದ ಪೂರ್ವಕ್ಕೆ: ಪಶ್ಚಿಮ ಮಾರುತಗಳು. ಇವೆರಡರ ನಡುವೆ, ಉತ್ತರ ಚಿಲಿಯ ಎದುರಿನ ಸಮುದ್ರದಲ್ಲಿ ಒಂದು ವೃತ್ತ ಬರೆಯಿರಿ: ಗಾಳಿ ಮೇಲಿನಿಂದ ಕೆಳಕ್ಕೆ ಕುಸಿಯುವ ಅಧಿಕ ಒತ್ತಡದ ಪ್ರದೇಶ. ಆಮೇಲೆ ಸಾಗರ ಪ್ರವಾಹಗಳು. ಚಿಲಿ-ಪೆರು ತೀರಗುಂಟ ಮೇಲ್ಮುಖವಾಗಿ ನೀಲಿ ಬಾಣ, ಶೀತಲ ಹಂಬೋಲ್ಟ್ ಪ್ರವಾಹ. ಬ್ರೆಜಿಲ್ ತೀರಗುಂಟ ಕೆಳಮುಖವಾಗಿ ಕೆಂಪು ಬಾಣ, ಉಷ್ಣ ಬ್ರೆಜಿಲ್ ಪ್ರವಾಹ.

ಈಗ ಆಂಡಿಸ್ ಎಂಬ ಗೋಡೆ ನೋಡಿ. ಉತ್ತರದಲ್ಲಿ ತೇವ ಬರುವುದು ಪೂರ್ವದಿಂದ, ಆದ್ದರಿಂದ ಒಣಗಬೇಕಾದದ್ದು ಪಶ್ಚಿಮದ ಮಗ್ಗುಲು. ದಕ್ಷಿಣದಲ್ಲಿ ತೇವ ಬರುವುದು ಪಶ್ಚಿಮದಿಂದ, ಒಣಗಬೇಕಾದದ್ದು ಪೂರ್ವದ ಮಗ್ಗುಲು. ಹಾಗಾದರೆ ನಡುವೆ ಎಲ್ಲೋ ಒಣನೆಲ ಪರ್ವತವನ್ನು ದಾಟಲೇಬೇಕು. ದಾಟುತ್ತದೆ. ಉತ್ತರ ಪೆರುವಿನ ಕರಾವಳಿಯಿಂದ ಶುರು ಮಾಡಿ, ಉತ್ತರ ಚಿಲಿಯ ಅಟಕಾಮ ಮರುಭೂಮಿಯ ಮೂಲಕ ಇಳಿದು, 20ರಿಂದ 30 ಡಿಗ್ರಿ ನಡುವೆ ಆಂಡಿಸ್ ಹತ್ತಿ, ಅರ್ಜೆಂಟೀನಾದ ಪಶ್ಚಿಮಕ್ಕೆ ಇಳಿದು, ಆ ದೇಶದ ದಕ್ಷಿಣ ಭಾಗವಾದ ಪಟಗೋನಿಯಾದ ಅಟ್ಲಾಂಟಿಕ್ ತೀರದವರೆಗೆ ಒಂದು ಓರೆ ಪಟ್ಟಿಯನ್ನು ಕಿತ್ತಳೆ ಬಣ್ಣದಲ್ಲಿ ಬಳಿಯಿರಿ. ಅಟಕಾಮವನ್ನೂ ಪಟಗೋನಿಯಾವನ್ನೂ ಎರಡು ಬೇರೆ ಮರುಭೂಮಿಗಳೆಂದು ಕಲಿತವರಿಗೆ ಈ ಒಂದು ಪಟ್ಟಿ ಎರಡನ್ನೂ ಹೊಲಿದು ಕೊಡುತ್ತದೆ.

ಅಟಕಾಮಕ್ಕೆ ಮಳೆ ನೆರಳೊಂದೇ ಕಾರಣವಲ್ಲ. ಕುಸಿಯುವ ಗಾಳಿ ಮೋಡ ಮೇಲೇಳಲು ಬಿಡುವುದಿಲ್ಲ. ತಣ್ಣನೆಯ ಸಮುದ್ರ ತನ್ನ ಮೇಲಿನ ಗಾಳಿಯನ್ನು ತಂಪಾಗಿಸಿ ಕೆಳಗೇ ಹಿಡಿದಿಡುತ್ತದೆ. ಹೀಗೆ ಮಂಜು ಕವಿಯುತ್ತದೆ, ಹನಿ ಬೀಳುವುದಿಲ್ಲ. ಸ್ಥಳೀಯರು ಕಮಂಚಾಕಾ ಎನ್ನುವ ಈ ಮಂಜನ್ನು ಬಲೆ ಕಟ್ಟಿ ನೀರಾಗಿ ಹಿಡಿಯುವ ಪ್ರಯೋಗಗಳು ಉತ್ತರ ಚಿಲಿಯಲ್ಲಿ ನಡೆದಿವೆ. ಅರಿಕಾದ ವಾರ್ಷಿಕ ಸರಾಸರಿ ಮಳೆ 1 ಮಿ.ಮೀ. ಕೂಡ ಇಲ್ಲ. ಅದೇ ಕರಾವಳಿಯಲ್ಲಿ ಉತ್ತರಕ್ಕೆ ಹೋಗಿ ಕೊಲಂಬಿಯಾದ ಚೋಕೊ ತಲುಪಿದರೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಊರುಗಳಿವೆ. ಅಲ್ಲಿ ಸಮುದ್ರ ಬೆಚ್ಚಗಿದೆ, ತೇವದ ಗಾಳಿ ಪೆಸಿಫಿಕ್‌ನಿಂದಲೇ ಬಂದು ಪಶ್ಚಿಮದ ಕವಲಿಗೆ ಬಡಿಯುತ್ತದೆ.

ಚುರುಕು ಓದುಗರು ಇಲ್ಲೊಂದು ತಕರಾರು ತೆಗೆಯಬೇಕು. ಅಟಕಾಮದ ಅಕ್ಷಾಂಶದಲ್ಲೇ ಇರುವ ದಕ್ಷಿಣ ಬ್ರೆಜಿಲ್, ಪರಾಗ್ವೆ ಯಾಕೆ ಹಸಿರಾಗಿವೆ? ಅದಕ್ಕೆ ಕಾರಣ ಅಮೆಜಾನಿನಲ್ಲಿದೆ. ಅಟ್ಲಾಂಟಿಕ್‌ನಿಂದ ಬಂದ ತೇವ ಕಾಡಿನ ಮೇಲೆ ಸುರಿಯುತ್ತದೆ, ಮರಗಳು ಅದನ್ನು ಮತ್ತೆ ಆವಿಯಾಗಿ ಮೇಲಕ್ಕೆ ಕಳಿಸುತ್ತವೆ, ಗಾಳಿ ಆಂಡಿಸ್‌ಗೆ ತಾಗಿ ದಾಟಲಾಗದೆ ದಕ್ಷಿಣಕ್ಕೆ ತಿರುಗುತ್ತದೆ. ಬ್ರೆಜಿಲ್‌ನ ವಿಜ್ಞಾನಿಗಳು ಇದನ್ನು ಹಾರುವ ನದಿಗಳು ಎನ್ನುತ್ತಾರೆ. ಆಂಡಿಸ್‌ನ ಪೂರ್ವ ಮಗ್ಗುಲಿಗೆ ಅಂಟಿಕೊಂಡಂತೆ, ಬೊಲಿವಿಯಾದಿಂದ ಪರಾಗ್ವೆಯತ್ತ ಬಾಗುವ ಒಂದು ನೀಲಿ ಬಾಣ ಸೇರಿಸಿ. ಅಮೆಜಾನಿನಲ್ಲಿ ಮರ ಕಡಿದರೆ ಸಾವಿರಾರು ಕಿ.ಮೀ. ದಕ್ಷಿಣದ ಹೊಲಗಳ ರೈತರು ಯಾಕೆ ಚಿಂತಿಸಬೇಕು ಎಂಬುದಕ್ಕೆ ಈ ಬಾಣ ಕಾರಣ.

ನಿಯಮಕ್ಕೆ ಹೊಂದದ ತುಣುಕೂ ಒಂದಿದೆ: ಬ್ರೆಜಿಲ್‌ನ ಈಶಾನ್ಯ ಮೂಲೆಯ ಒಳನಾಡು. ಅಟ್ಲಾಂಟಿಕ್ ಪಕ್ಕದಲ್ಲೇ ಇದ್ದರೂ ಅಲ್ಲಿ ಕಾಟಿಂಗಾ ಎಂಬ ಮುಳ್ಳುಕಾಡು. ಸಮಭಾಜಕದ ಬಳಿಯ ಮಳೆಪಟ್ಟಿ ವರ್ಷದ ಮೊದಲ ಕೆಲವು ತಿಂಗಳು ಮಾತ್ರ ಅಷ್ಟು ಕೆಳಕ್ಕೆ ಬರುತ್ತದೆ, ಕೆಲವು ವರ್ಷ ಬರುವುದೇ ಇಲ್ಲ. 1877ರಿಂದ 79ರವರೆಗಿನ ಬರ ಅಲ್ಲಿ ಲಕ್ಷಾಂತರ ಜೀವ ತೆಗೆಯಿತು. ಆ ಒಣನೆಲದ ನಡುವೆ ತುಂಬಿ ಹರಿಯುವ ಸಾವೊ ಫ್ರಾನ್ಸಿಸ್ಕೊ ನದಿಯ ನೀರು ಬರುವುದು ದೂರದ ಮಿನಾಸ್ ಜೆರಾಯಿಸ್ ಎತ್ತರದಿಂದ.

ಹೆಜ್ಜೆ 7: ಎತ್ತರವನ್ನು ಮರೆಯಬೇಡಿ

ಸಮಭಾಜಕ ಎಂದರೆ ಸೆಕೆ ಎಂಬ ಸಮೀಕರಣ ಆಂಡಿಸ್‌ನಲ್ಲಿ ನಡೆಯುವುದಿಲ್ಲ. ಈಕ್ವೆಡಾರ್‌ನ ಗ್ವಯಾಕಿಲ್ ಸಮುದ್ರಮಟ್ಟದಲ್ಲಿದೆ, ಸರಾಸರಿ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಮೀರಿದೆ. ಕ್ವಿಟೊ ಇನ್ನೂ ಸಮಭಾಜಕಕ್ಕೆ ಹತ್ತಿರ, ಆದರೆ 2,850 ಮೀಟರ್ ಎತ್ತರ. ಅಲ್ಲಿ 14-15 ಡಿಗ್ರಿ. ಸಮಭಾಜಕ ವೃತ್ತ ಹಾದುಹೋಗುವ ಕಯಾಂಬೆ ಜ್ವಾಲಾಮುಖಿಯ ಮೇಲೆ ವರ್ಷವಿಡೀ ಹಿಮ. ಉತ್ತರ ಆಂಡಿಸ್‌ನಲ್ಲಿ ಜನ ನೆಲವನ್ನು ಎತ್ತರದಿಂದಲೇ ವಿಂಗಡಿಸುತ್ತಾರೆ: ಸುಮಾರು 900 ಮೀಟರ್‌ವರೆಗೆ ಕೋಕೊ, ಬಾಳೆ ಬೆಳೆಯುವ ಬಿಸಿನೆಲ, 1,800ರ ಆಸುಪಾಸಿನವರೆಗೆ ಕಾಫಿಯ ಹದನೆಲ, ಅದರ ಮೇಲೆ ಆಲೂಗಡ್ಡೆಯ ತಂಪುನೆಲ, ಇನ್ನೂ ಮೇಲೆ ಹುಲ್ಲು, ಆಮೇಲೆ ಹಿಮ. ಹಾಳೆಯ ಹಿಂಬದಿಯಲ್ಲಿ ಒಂದು ಬೆಟ್ಟದ ಅಡ್ಡಸೀಳು ಬಿಡಿಸಿ ಈ ಪಟ್ಟಿಗಳನ್ನು ಹಾಕಿಡಿ.

ಹೆಜ್ಜೆ 8: ನಕ್ಷೆಯನ್ನು ಪರೀಕ್ಷೆಗೆ ಒಡ್ಡಿ

ಒಂದೇ ಅಕ್ಷಾಂಶದ ಎರಡು ತೀರಗಳ ಮೇಲೆ ಬೆರಳಿಡಿ. 12-13 ಡಿಗ್ರಿ ದಕ್ಷಿಣದಲ್ಲಿ ಎಡಕ್ಕೆ ಲಿಮಾ, ಬಲಕ್ಕೆ ಸಾಲ್ವಡಾರ್. ಬಾಣಗಳನ್ನು ನೋಡಿ ಮೊದಲು ಊಹಿಸಿ, ಆಮೇಲೆ ಓದಿ. ಲಿಮಾದಲ್ಲಿ ವರ್ಷಕ್ಕೆ 20 ಮಿ.ಮೀ. ಮಳೆಯೂ ಇಲ್ಲ, ಸಾಲ್ವಡಾರ್‌ನಲ್ಲಿ 2,000 ಮಿ.ಮೀ. ಆಸುಪಾಸು. ಈಗ 45-46 ಡಿಗ್ರಿಗೆ ಇಳಿಯಿರಿ. ಚಿಲಿಯ ಪ್ಯುವೆರ್ಟೊ ಐಸೆನ್‌ನಲ್ಲಿ 2,000 ಮಿ.ಮೀ. ಮೀರುತ್ತದೆ, ಅರ್ಜೆಂಟೀನಾದ ಕೊಮೊಡೊರೊ ರಿವಾಡಾವಿಯಾದಲ್ಲಿ ಸುಮಾರು 250. ಒದ್ದೆ ಮಗ್ಗುಲು ಪೂರ್ತಿ ತಿರುಗಿದೆ. ನಿಮ್ಮ ಊಹೆ ಎರಡೂ ಕಡೆ ಸರಿಯಾಗಿದ್ದರೆ ಆರನೆಯ ಹೆಜ್ಜೆ ಗಟ್ಟಿಯಾಗಿದೆ. ತಪ್ಪಿದ್ದರೆ ಬಾಣಗಳಿಗೆ ಹಿಂತಿರುಗಿ, ಅಂಕಿ ಬಾಯಿಪಾಠಕ್ಕಲ್ಲ.

ಕೊನೆಯ ಪರೀಕ್ಷೆ ಎಲ್ ನಿನೊ ವರ್ಷದ್ದು, ಅಂದರೆ ಪೆರು ಕಡೆಯ ಪೆಸಿಫಿಕ್ ಎಂದಿಗಿಂತ ಬೆಚ್ಚಗಾಗುವ ವರ್ಷದ್ದು. ಪೆರು ತೀರದ ನೀಲಿ ಬಾಣವನ್ನು ಅಳಿಸಿ, ಅಲ್ಲಿ ಬೆಚ್ಚಗಿನ ನೀರು ನಿಂತಿದೆ ಎಂದುಕೊಳ್ಳಿ. ಮೊದಲು ಏನಾಗಬೇಕು? ಗಾಳಿಯನ್ನು ಕೆಳಗೆ ಹಿಡಿದಿಟ್ಟಿದ್ದ ತಂಪು ಹೋಯಿತು, ಮೋಡ ಮೇಲೇಳುತ್ತದೆ, ಉತ್ತರ ಪೆರುವಿನ ಮರಳುಗಾಡಿಗೆ ಮಳೆ ಬೀಳುತ್ತದೆ. 1982-83ರಲ್ಲೂ 1997-98ರಲ್ಲೂ ಹಾಗೇ ಆಯಿತು. 1998ರಲ್ಲಿ ಸೆಚುರಾ ಮರುಭೂಮಿಯಲ್ಲಿ ಭಾರಿ ಸರೋವರವೇ ನಿಂತಿತು. ಅಂಥ ವರ್ಷಗಳಲ್ಲಿ ಸಾಮಾನ್ಯವಾಗಿ ಆಲ್ಟಿಪ್ಲಾನೊ, ಅಮೆಜಾನಿನ ಪೂರ್ವ ಭಾಗ, ಈಶಾನ್ಯ ಬ್ರೆಜಿಲ್ ಒಣಗುತ್ತವೆ, ದಕ್ಷಿಣ ಬ್ರೆಜಿಲ್ ಮತ್ತು ಲಾ ಪ್ಲಾಟಾ ಕಡೆ ನೆರೆ ಬರುತ್ತದೆ. ಎಲ್ಲವನ್ನೂ ಪೆಸಿಫಿಕ್ ತಲೆಗೆ ಕಟ್ಟಬೇಡಿ. ಎಲ್ ನಿನೊ ಇದ್ದ 2023ರ ಅಕ್ಟೋಬರ್‌ನಲ್ಲಿ ಮನಾಸ್ ಬಳಿ ರಿಯೊ ನೀಗ್ರೊ ನೂರು ವರ್ಷ ಮೀರಿದ ದಾಖಲೆಯಲ್ಲೇ ಕನಿಷ್ಠ ಮಟ್ಟಕ್ಕೆ ಇಳಿಯಿತು. ಎಲ್ ನಿನೊ ಮುಗಿದಿದ್ದ 2024ರ ಅಕ್ಟೋಬರ್‌ನಲ್ಲಿ ಅದಕ್ಕಿಂತಲೂ ಕೆಳಗೆ ಹೋಯಿತು. ಉಷ್ಣವಲಯದ ಉತ್ತರ ಅಟ್ಲಾಂಟಿಕ್ ಬಿಸಿಯಾದಾಗಲೂ ಅಮೆಜಾನಿನ ಮಳೆ ಉತ್ತರಕ್ಕೆ ಸರಿದುಬಿಡುತ್ತದೆ. ಹಾಗಾಗಿ ಎರಡನೆಯ ಹಾಳೆಯಲ್ಲಿ ಇದೇ ನಕ್ಷೆ ಬಿಡಿಸಿ, ಈ ಸಲ ಎಡದ ಸಮುದ್ರ ಹಾಗೇ ಇರಲಿ, ಬಲದ ಸಮುದ್ರದ ಮೇಲ್ಭಾಗಕ್ಕೆ ಕೆಂಪು ಬಳಿದು ಅಟ್ಲಾಂಟಿಕ್ ಬಾಣಗಳನ್ನು ಉತ್ತರಕ್ಕೆ ಜರುಗಿಸಿ ನೋಡಿ.